ಚುಕ್ಕಿಯಿಟ್ಟು ನೀರು ಹುಡುಕಿದವಳು

ಆ ಭಾನುವಾರ ಶಿವನಾಗಮ್ಮ ತಲಕಾಡಿನ ಮರಳುದಿಣ್ಣೆಯನ್ನು ಬೆನ್ನಿಗೆ ನೀರಿನ ಕ್ಯಾನು ಕಟ್ಟಿಕೊಂಡು ಹತ್ತಿ ಇಳಿಯುತ್ತಿದ್ದಳು. ಕಾಲಿಗೆ ಹಳೆಯ ಕ್ಯಾನ್ವಾಸ್ ಶೂ. ಸೀರೆಯನ್ನು ನಾಟಿ ಹಾಕುವ ಹೆಂಗಸರ ಹಾಗೆ ಎತ್ತಿ ಕಟ್ಟಿದ್ದಳು. ಗುಡಿಗಳನ್ನು ನೋಡಲು ಬಂದವರು ನಿಂತು ಇವಳನ್ನು ನೋಡುತ್ತಿದ್ದರು. ಒಬ್ಬ ಮುದುಕಿ ತಡೆಯಲಾರದೆ ಕೇಳಿಯೇಬಿಟ್ಟಳು.

"ಏನವ್ವ, ಹರಕೆಯಾ?"

"ಊಂ ಕಣವ್ವ, ಹರಕೇನೆ."

"ಯಾವ್ ದೇವ್ರಿಗೆ?"

"ಅದ್ನೇ ಉಡುಕ್ತಾ ಇವ್ನಿ," ಎಂದು ನಕ್ಕು ಮೇಲೆ ಹತ್ತಿದಳು.

ನಾನು ಕೆಳಗೆ ನೆರಳಲ್ಲಿ ಬುತ್ತಿ ಕಾಯುತ್ತ ಕೂತಿದ್ದೆ. ಊಟ ಮಾಡಿ, ಬಸ್ಸು ಹಿಡಿದು ಟಿ. ನರಸೀಪುರಕ್ಕೆ ಬಂದೆವು. ಅಲ್ಲಿ ಇನ್ನೊಂದು ಬಸ್ಸು ಹತ್ತಿ ನಂಜನಗೂಡು ಸೇರಿದೆವು. ದಾರಿಯುದ್ದಕ್ಕೂ ನನ್ನ ಭುಜಕ್ಕೆ ತಲೆಯಿಟ್ಟು ನಿದ್ದೆ ಮಾಡಿದಳು. ಮನೆಯ ಮುಂದೆ ಶೂ ಕೊಡವಿ ಮರಳು ಚೆಲ್ಲಿದಳು. ಬೆಳಗಿನ ಸಾರನ್ನೇ ಬಿಸಿ ಮಾಡಿದಳು. ಹೇಳಿಕೊಳ್ಳುವಂಥದ್ದು ಏನೂ ಆ ದಿನ ನಡೆಯಲಿಲ್ಲ.

ಮಾರನೆಯ ದಿನ ನಾನು ತಾಂಡ್ಯದ ಕಾರ್ಖಾನೆಯಲ್ಲಿ ಕೆಲಸದ ಮೇಲಿದ್ದಾಗ ಅವಳು ಹೊಲಿಗೆ ಯಂತ್ರದ ಮುಂದೆಯೇ ಕುಸಿದಳಂತೆ. ಮೈಸೂರಿನ ಆಸ್ಪತ್ರೆಗೆ ಕರೆದೊಯ್ದೆವು. ತಲೆಯೊಳಗೆ ರಕ್ತನಾಳ ಒಡೆದಿದೆ ಎಂದರು. ಅವಳು ಮತ್ತೆ ಕಣ್ಣು ಬಿಡಲಿಲ್ಲ.

ಶಿವನಾಗಮ್ಮ ನನ್ನ ಹೆಂಡತಿ. ಟಿ. ನರಸೀಪುರದ ಹತ್ತಿರ, ಹೊಳೆದಂಡೆಯ ಊರಿನವಳು. ಮದುವೆಯಾಗಿ ನಂಜನಗೂಡಿಗೆ ಬಂದಳು, ಇಲ್ಲೂ ಹೊಳೆ. ನಮಗೆ ಮಕ್ಕಳಾಗಲಿಲ್ಲ. ನಾನು ಕಾರ್ಖಾನೆಯಲ್ಲಿ ದುಡಿಯುತ್ತಿದ್ದೆ, ಅವಳು ಮನೆಯಲ್ಲೇ ರವಿಕೆ, ಸ್ಕೂಲ್ ಬ್ಯಾಗು ಹೊಲಿಯುತ್ತಿದ್ದಳು. ಯಂತ್ರ ತುಳಿಯುತ್ತಲೇ ಯೋಚನೆ ಮಾಡುವಳು. ಯಂತ್ರ ಇದ್ದಕ್ಕಿದ್ದಂತೆ ನಿಂತಿತೆಂದರೆ ಒಂದು ಪ್ರಶ್ನೆ ಬರುತ್ತದೆ ಎಂದು ನನಗೆ ಗೊತ್ತಾಗುತ್ತಿತ್ತು.

"ರೀ, ಒಂಟೆ ಅಳ್ತದಾ?"

"ನಂಗೇನ್ ಗೊತ್ತು."

"ನೀರ್ ವ್ಯರ್ಥ ಆಯ್ತದೆ ಅಂತ ಅಳಾಕಿಲ್ಲ ಅನ್ಸುತ್ತೆ," ಎಂದು ತಾನೇ ಹೇಳಿಕೊಂಡು ಮತ್ತೆ ತುಳಿಯುವಳು.

ಅವಳ ಪ್ರಶ್ನೆಗಳಿಗೆಲ್ಲ ತಾಯಿಯಂಥದ್ದು ಒಂದಿತ್ತು. ಚಿಕ್ಕವಳಿದ್ದಾಗ ಬೇಸಿಗೆಯಲ್ಲಿ ಹೊಳೆಯ ಮರಳು ಬಗೆದು ಒರತೆ ತೆಗೆದು ಆಡುತ್ತಿದ್ದಳಂತೆ. ಮೊಳಕೈ ಆಳ ಬಗೆದರೆ ನೀರು ಬಂದು ನಿಲ್ಲುತ್ತಿತ್ತು. ಒಂದು ಸಲ ತಲಕಾಡಿಗೆ ಹೋದಾಗ ದಿಣ್ಣೆಯ ಮೇಲೂ ಹಾಗೇ ಬಗೆದಳು. ಎಷ್ಟು ಬಗೆದರೂ ಒಣಮರಳೇ ಬಂತು. "ಅದೂ ಮರಳು, ಇದೂ ಮರಳು. ಅಲ್ ಬತ್ತದೆ, ಇಲ್ಯಾಕ್ ಬರಾಕಿಲ್ಲ?" ಎಂದು ತಂದೆಯನ್ನು ಕೇಳಿದ್ದಕ್ಕೆ, ತಲಕಾಡಿಗೆ ಶಾಪವಿದೆ ಎಂದರಂತೆ. "ಶಾಪ ಊರಿಗ್ ತಾನೆ, ಮರಳ್ಗೇನಾಗದೆ?" ಎಂದು ನನ್ನ ಹತ್ತಿರ ಎಷ್ಟೋ ಸಲ ಕೇಳಿದ್ದಾಳೆ. ನಾನು ಓದಿದ್ದು ಐಟಿಐ. ಅದರಲ್ಲಿ ಮರಳಿನ ಪಾಠ ಇರಲಿಲ್ಲ.

ಈ ಪ್ರಶ್ನೆಗೆ ಜೀವ ಬಂದದ್ದು ಬಾಬುಲಾಲ್ ಸೇಟರ ಪಾತ್ರೆ ಅಂಗಡಿಯಲ್ಲಿ. ಅವರು ರಾಜಸ್ಥಾನದ ಬಾಡಮೇರ್ ಕಡೆಯವರು. ಎಳೆಯ ವಯಸ್ಸಿನಲ್ಲೇ ನಂಜನಗೂಡಿಗೆ ಬಂದು, ನಮಗಿಂತ ಚೆನ್ನಾಗಿ ನಮ್ಮ ಮಾತು ಕಲಿತಿದ್ದರು. ಇವಳು ಕೊಡ ಕೊಳ್ಳಲು ಹೋದವಳು, ನಿಮ್ಮೂರಲ್ಲಿ ಮರಳು ಬಗೆದರೆ ನೀರು ಬರುತ್ತದೆಯೇ ಎಂದು ಕೇಳಿದಳು.

"ಬತ್ತದೆ ಕಣವ್ವ. ಬೇರಿ ಅಂತೀವಿ. ಕಿರಿದಾದ ಬಾವಿ, ನಿಮ್ಮ ಒರತೆ ಅಂಗೇಯ. ಆದ್ರೆ ಎಲ್ಲಾ ಕಡೆ ಬರಾಕಿಲ್ಲ."

"ಎಲ್ ಬತ್ತದೆ, ಎಲ್ ಬರಾಕಿಲ್ಲ?"

"ಅದ ನಮ್ಮಜ್ಜನ್ನೇ ಕೇಳ್ಬೇಕಾಗಿತ್ತು."

"ಓಗ್ಲಿ, ನಾನೇ ಓಗ್ ನೋಡ್ತೀನಿ," ಎಂದಳು. ಸೇಟು ಬಿದ್ದು ಬಿದ್ದು ನಕ್ಕರು. "ಜನ ಮರಳುಗಾಡ್ ಬುಟ್ಟು ಇಲ್ಗ್ ಬತ್ತಾರೆ. ನೀನು ಒಳೆ ಬುಟ್ಟು ಅಲ್ಗೋಯ್ತೀಯಾ?"

ಜೀಪಿನಲ್ಲಿ ಹೋಗಿ ನೋಡಿ ಬರುವುದು ಅವಳಿಗೆ ಬೇಕಿರಲಿಲ್ಲ. ಒಂದು ನೀರಿನಿಂದ ಇನ್ನೊಂದು ನೀರಿಗೆ ಅಲ್ಲಿಯವರು ಹೇಗೆ ನಡೆಯುತ್ತಾರೋ ಹಾಗೆ, ಬೆನ್ನಿನ ಮೇಲೆ ಗಂಟು ಹೊತ್ತು ಕೆಲವು ದಿನ ನಡೆಯಬೇಕು. ಅದೂ ನನ್ನ ಜೊತೆಗೆ. ತೊಡಕು ಇದ್ದದ್ದೇ ಅಲ್ಲಿ. ನನಗೆ ಮೂತ್ರಪಿಂಡದಲ್ಲಿ ಕಲ್ಲು. ನೀರು ಕಡಿಮೆಯಾದರೆ ನೋವು ಸೊಂಟದಿಂದ ಎದ್ದು ತೊಡೆಗೆ ಇಳಿಯುತ್ತಿತ್ತು. ಬಾಯಾರಿಕೆ ಆಗುವುದಕ್ಕೆ ಮೊದಲೇ ಕುಡಿಯಬೇಕೆಂದು ಡಾಕ್ಟರು ಹೇಳಿದ್ದರು. ಬಾಳೆದಿಂಡಿನ ಪಲ್ಯ ತಿನ್ನಿಸಿ ತಿನ್ನಿಸಿ ನನ್ನನ್ನು ನೆಟ್ಟಗೆ ಇಟ್ಟವಳೇ ಅವಳು. ಅಂಥವನನ್ನು ಮರಳುಗಾಡಿಗೆ ಕರೆದೊಯ್ಯುವುದೆಂದರೆ!

"ನೀನೊಬ್ಳೇ ಓಗ್ ಬಾ," ಎಂದೆ.

"ನೀವಿಲ್ದೆ ಓದ್ರೆ ನೋಡಿದ್ನ ಯಾರ್ಗ್ ಯೋಳ್ಳಿ? ಅಲ್ಲೇ ಯೋಳ್ಬೇಕು, ಅವಾಗ್ಲೇ ಯೋಳ್ಬೇಕು. ನಿಮ್ ಕಲ್ಲಿಗ್ ಬೇಕಾದ್ ನೀರ ನಾನ್ ಉಡುಕ್ತೀನಿ, ಸುಮ್ನಿರಿ."

ಹುಡುಕಿದ್ದು ರಂಗೋಲಿಯಲ್ಲಿ. ಬೆಳಿಗ್ಗೆ ಬಾಗಿಲು ಸಾರಿಸಿ ಚುಕ್ಕಿ ಇಡುವಾಗ, ಸೇಟು ಹೇಳಿದ ಒಂದೊಂದು ನೀರಿಗೂ ಒಂದು ಚುಕ್ಕಿ ಇಟ್ಟಳು. ಸಿಹಿನೀರಿಗೆ ಬಿಳಿ, ಉಪ್ಪುನೀರಿಗೆ ಕುಂಕುಮ, ಇದೆಯೋ ಇಲ್ಲವೋ ಗೊತ್ತಿಲ್ಲದ್ದಕ್ಕೆ ಅರಿಸಿನ. ಒಂದು ದಿನದಲ್ಲಿ ನಾನು ನಡೆಯಬಲ್ಲಷ್ಟು ದೂರಕ್ಕೆ ಒಂದು ಗೇಣು. ಬಿಳಿಯಿಂದ ಬಿಳಿಗೆ ಮಾತ್ರ ಗೆರೆ ಎಳೆಯುವಳು. ಗೇಣಿಗಿಂತ ದೂರವಾದರೆ ಅಳಿಸಿ ಬೇರೆ ಕಡೆಯಿಂದ ಎಳೆಯುವಳು. ದಿನಾ ದಿನಾ ದಾರಿ ಬದಲಾಗುತ್ತಿತ್ತು. ಎದುರುಮನೆಯ ಪುಟ್ಟಮ್ಮಣ್ಣಿ ಸೊಂಟಕ್ಕೆ ಕೈಯಿಟ್ಟು ನಿಂತು ನೋಡುತ್ತಿದ್ದರು.

"ಇದ್ಯಾವ್ ರಂಗೋಲಿಯಮ್ಮಿ? ದನ ತುಳ್ದಂಗದೆ."

"ಬಾಡಮೇರ್ ರಂಗೋಲಿ ಕಣತ್ತೆ."

"ಲಕ್ಷ್ಮಿ ದಾರಿ ತಪ್ಪಿ ಬಾಡಮೇರ್‌ಗೇ ಓಯ್ತಾಳೆ ನೋಡು."

ಅಂಗಡಿ ತೆರೆಯಲು ಹೋಗುವ ಸೇಟರನ್ನು ಬೀದಿಯಲ್ಲೇ ನಿಲ್ಲಿಸಿ ತಿದ್ದಿಸುವಳು. ಅವರು ಚಪ್ಪಲಿ ಬಿಟ್ಟು, ಕುಕ್ಕರಗಾಲಲ್ಲಿ ಕೂತು, ಬೆರಳಿಟ್ಟು ತೋರಿಸುವರು. "ಇಲ್ಲೊಂದು ಬಾವಿ ಅದೆ, ಅಮೃತ ಅಮೃತ."

"ನೀವ್ ಕುಡ್ದು ಎಷ್ಟ್ ವರ್ಷ ಆಯ್ತು?"

ಸೇಟು ತಲೆ ಕೆರೆದುಕೊಳ್ಳುವರು. ಬಿಳಿ ಚುಕ್ಕಿಯ ಮೇಲೆ ಅರಿಸಿನ ಬೀಳುತ್ತಿತ್ತು. "ನೀರದೆ ಅನ್ನೋರ್ ಮಾತ ನಂಬ್ಬಾರ್ದು, ಕುಡ್ದೋರ್ ಮಾತ ನಂಬ್ಬೇಕು," ಎನ್ನುವಳು. "ಒಂದ್ ಕಣ್ ಕಣ್ಣಲ್ಲ, ಒಂದ್ ಬಾವಿ ಬಾವಿಯಲ್ಲ," ಎಂದೂ ಎನ್ನುವಳು. ಕೊನೆಗೆ ಸೇಟರೇ ಊರಿನ ಅಣ್ಣನಿಗೆ ಫೋನು ಮಾಡಿ ಒಂದೊಂದೇ ಬಾವಿಯನ್ನು ವಿಚಾರಿಸತೊಡಗಿದರು. ಅವರಿಗೂ ಹುಚ್ಚು ಹತ್ತಿತ್ತು.

ಬೆನ್ನಿನ ಚೀಲಗಳನ್ನು ಅವಳೇ ಹೊಲಿದಳು. ಭುಜದ ಪಟ್ಟಿಯೊಳಗೆ ಹಳೆಯ ಕಂಬಳಿಯ ತುಂಡು ತುಂಬಿದಳು. ನೀರಿಗೆ ಕಡಲೆಕಾಯೆಣ್ಣೆಯ ಕ್ಯಾನುಗಳು. ಸೀಗೆಪುಡಿ ಹಾಕಿ ಎಷ್ಟು ತೊಳೆದರೂ ನೀರು ಎಣ್ಣೆ ನಾರುತ್ತಿತ್ತು. ಅಭ್ಯಾಸಕ್ಕೆಂದು ತಲಕಾಡಿನ ದಿಣ್ಣೆ ಹತ್ತುವಾಗ ನನ್ನ ಪಾಲಿನ ನೀರನ್ನೂ ಅವಳೇ ಹೊರುತ್ತಿದ್ದಳು. ಕೊಡು ಎಂದರೆ, "ನಿಮ್ ಕೈಗ್ ಕೊಟ್ರೆ ಭಾರ ಅಂತ ದಾರೀಲೇ ಚೆಲ್ತೀರಿ," ಎನ್ನುವಳು.

ತೊಂಬತ್ತರ ದಶಕದ ಕೊನೆ. ಸಂಕ್ರಾಂತಿ ಕಳೆದ ಮೇಲೆ ರೈಲು ಹತ್ತಿದೆವು. ಸೇಟರ ಅಣ್ಣನ ಮನೆಯಲ್ಲಿ ಒಂದು ರಾತ್ರಿ ಇದ್ದು, ಬೆಳಿಗ್ಗೆ ನಡೆಯಲು ಶುರು ಮಾಡಿದೆವು. ಮೊದಲ ದಿನದ ಬಾವಿ ಅವಳ ಚುಕ್ಕಿ ಇದ್ದಲ್ಲೇ ಇತ್ತು. ಸಿಹಿನೀರು. ಅವಳು ಬಗ್ಗಿ ನೋಡಿ, "ಬಾಗ್ಲಲ್ ಇಟ್ಟಿದ್ದು ಇಲ್ಲೇ ಅದೆ ನೋಡ್ರೀ!" ಎಂದು ಚಪ್ಪಾಳೆ ತಟ್ಟಿದಳು. ಎರಡನೆಯ ದಿನ ಮಧ್ಯಾಹ್ನ ಮಳೆನೀರು ಹಿಡಿಯುವ ನೆಲತೊಟ್ಟಿಯೊಂದು ಸಿಕ್ಕಿತು. ಆ ವರ್ಷ ಮಳೆ ಕೈಕೊಟ್ಟಿತ್ತು. ಒಳಗೆ ಬಿರಿದ ಕೆಸರು ಮಾತ್ರ ಇತ್ತು. ಅದು ಅರಿಸಿನದ ಚುಕ್ಕಿಯೇ ಆಗಿದ್ದರಿಂದ ಅವಳೇನೂ ಗಾಬರಿಯಾಗಲಿಲ್ಲ. ಆದರೆ ಬಿಸಿಲು ನಾವೆಣಿಸಿದ್ದಕ್ಕಿಂತ ಜೋರಾಗಿತ್ತು. ಸಂಜೆ ನಾಲ್ಕಾರು ಗುಡಿಸಲುಗಳ ಒಂದು ಹಟ್ಟಿ ಸೇರುವಾಗ ಕ್ಯಾನುಗಳಲ್ಲಿ ತಳ ಕಾಣುತ್ತಿತ್ತು. ಆ ಹಟ್ಟಿಯಲ್ಲೇ ಬೇರಿ ಇದ್ದದ್ದು.

ಸೇಟರ ಅಣ್ಣ ಮೊದಲೇ ಹೇಳಿ ಕಳಿಸಿದ್ದರು. ಧಾಪು ಎಂಬ ಹೆಂಗಸು ಅಂಗಳಕ್ಕೆ ಬಂದು, ಮುಖಕ್ಕೆ ಎಳೆದುಕೊಂಡ ಸೆರಗಿನೊಳಗಿಂದಲೇ ನಕ್ಕು, ಒಂದು ದೊಡ್ಡ ಹಿತ್ತಾಳೆ ಚೊಂಬಿನ ತುಂಬ ನೀರು ತಂದು ಶಿವನಾಗಮ್ಮನ ಕೈಗೆ ಕೊಟ್ಟಳು. ನಮ್ಮ ಕಡೆ ಮನೆಗೆ ಬಂದವರಿಗೆ ಬಾಗಿಲಲ್ಲಿ ಚೊಂಬು ಕೊಟ್ಟರೆ ಏನು ಮಾಡುತ್ತಾರೆ? ಶಿವನಾಗಮ್ಮ ಶೂ ಕಳಚಿ, ಅಂಗಳದ ಅಂಚಿಗೆ ಹೋಗಿ, ಚೊಂಬಿನ ಅಷ್ಟೂ ನೀರನ್ನು ಕಾಲಿನ ಮೇಲೆ ಸುರಿದುಕೊಂಡಳು. ಹಿಮ್ಮಡಿಗೆ ಹಿಮ್ಮಡಿ ಉಜ್ಜಿ ಚೆನ್ನಾಗಿ ತೊಳೆದುಕೊಂಡಳು. ದಾರಿಯುದ್ದಕ್ಕೂ ನನಗೆ ಗುಟುಕು ಲೆಕ್ಕದಲ್ಲಿ ನೀರು ಕೊಟ್ಟವಳು!

ಮರಳು ಅದನ್ನು ಕಣ್ಣೆದುರೇ ಕುಡಿಯಿತು. ಧಾಪು ಚೊಂಬು ಹಿಂದಕ್ಕೆ ತೆಗೆದುಕೊಂಡು ಒಳಗೆ ಹೋದಳು. ಅವಳ ಗಂಡ ಮುಖ ಆಚೆ ತಿರುಗಿಸಿಕೊಂಡ. ಆಗ ಶಿವನಾಗಮ್ಮನಿಗೆ ತಿಳಿಯಿತು.

"ಕುಡಿಯಾಕ್ ಕೊಟ್ಟಿದ್ದು ಕಣ್ರೀ ಅದು. ನಾನು ಕಾಲ್ ತೊಳ್ಕಬುಟ್ಟೆ," ಎಂದಳು. ಅವಳ ದನಿ ಅಷ್ಟು ಸಣ್ಣಗಾದದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ.

"ಓಗ್ಲಿ ಬುಡು, ಗೊತ್ತಿರ್ನಿಲ್ಲ."

"ಸೇದಿ ತುಂಬ್ಸ್ಕೊಡ್ತೀನಿ. ಒರತೆ ತಾನೆ, ಬಳ್ಕಂಡಂಗೆಲ್ಲಾ ಬತ್ತದೆ."

ಕೊಡ ಕೇಳಿ ತೆಗೆದುಕೊಂಡು ಬೇರಿಗೆ ಹೋದಳು. ನಾನೂ ಹಿಂದೆ ಹೋದೆ. ಹಗ್ಗಕ್ಕೆ ಕಟ್ಟಿದ ಚರ್ಮದ ಚೀಲ ಇಳಿಬಿಟ್ಟರೆ ಒದ್ದೆ ಮರಳು ತಗುಲಿತು. ನಮ್ಮ ಹೊಳೆಯ ಒರತೆಯಂತೆ ಅರೆಗಳಿಗೆಯಲ್ಲಿ ತುಂಬುತ್ತದೆ ಎಂದುಕೊಂಡು ಕಾದಳು. ತುಂಬಲಿಲ್ಲ. ಧಾಪುವಿನ ಗಂಡ ಬಂದು ತನ್ನ ಹಿಂದಿಯಲ್ಲಿ ಬಿಡಿಸಿ ಹೇಳಿದ. ರಾತ್ರಿಯೆಲ್ಲ ಜಿನುಗಿದರೆ ಬೆಳಿಗ್ಗೆ ಕೆಲವು ಕೊಡ. ಒಂದೊಂದು ಮನೆಗೆ ಒಂದೊಂದು ದಿನ ಪಾಳಿ. ಅವರ ಪಾಳಿಯ ನೀರು ಬೆಳಿಗ್ಗೆಯೇ ಮನೆ ಸೇರಿತ್ತು. ಅವಳು ಕಾಲಿಗೆ ಸುರಿದುಕೊಂಡದ್ದು ಅದರಲ್ಲೇ ಒಂದು ಚೊಂಬು.

ಶಿವನಾಗಮ್ಮ ಬಾವಿಯ ಕಟ್ಟೆಯ ಮೇಲೆ ಹೊಟ್ಟೆಯಡಿಯಾಗಿ ಮಲಗಿ ಒಳಗೆ ಕಿವಿಯಿಟ್ಟಳು. ಬಹಳ ಹೊತ್ತು ಹಾಗೇ ಇದ್ದಳು. ಆಮೇಲೆ ನನ್ನನ್ನು ಕೈಸನ್ನೆ ಮಾಡಿ ಕರೆದಳು.

"ಬನ್ರೀ, ಕೇಳಿ. ಬತ್ತಾ ಅದೆ."

ನಾನೂ ಮಲಗಿ ಕೇಳಿದೆ. ಒಂದು ಹನಿ ಬಿತ್ತು. ಇನ್ನು ಬೀಳುವುದಿಲ್ಲವೇನೋ ಎನ್ನಿಸುವಷ್ಟು ಹೊತ್ತಾದ ಮೇಲೆ ಇನ್ನೊಂದು ಬಿತ್ತು.

ಇಲ್ಲಿ ನೀರು ಯಾಕೆ ನಿಲ್ಲುತ್ತದೆ ಎಂದು ಕೈಬಾಯಿ ಆಡಿಸಿ ಆ ಗಂಡಸನ್ನು ಕೇಳಿದಳು. ಅವನು ಹಿಂದೆ ಬಾವಿ ತೋಡಿದಾಗ ತೆಗೆದು ಹಾಕಿದ್ದ ಸೀಮೆಸುಣ್ಣದಂಥ ಬಿಳಿಯ ಗಡ್ಡೆಯೊಂದನ್ನು ತಂದು ತೋರಿಸಿದ. ಮರಳಿನ ಕೆಳಗೆ ಇದರ ಪದರ ಇದ್ದ ಕಡೆ ಮಳೆನೀರು ಕೆಳಗಿಳಿಯದೆ ನಿಲ್ಲುತ್ತದೆ. ಶಿವನಾಗಮ್ಮ ಅದನ್ನು ಮೂಸಿ ನೋಡಿದಳು, ನಾಲಗೆಗೆ ತಾಗಿಸಿ ನೋಡಿದಳು. "ತಡೆಯೋದೊಂದು ಕೆಳಗಿರ್ಬೇಕು. ತಲಕಾಡ್ ದಿಣ್ಣೇಲಿ ಅದಿಲ್ಲ. ಅಷ್ಟೇಯ, ಶಾಪನೂ ಇಲ್ಲ, ಗೀಪನೂ ಇಲ್ಲ," ಎಂದಳು.

ಅಷ್ಟರಲ್ಲಿ ನನಗೆ ಸೊಂಟದಲ್ಲಿ ನೋವು ಏಳತೊಡಗಿತ್ತು. ಮುಚ್ಚಿಟ್ಟುಕೊಳ್ಳಲು ನೋಡಿದೆ. ಅವಳಿಗೆ ನನ್ನ ನಡಿಗೆಯಲ್ಲೇ ಗೊತ್ತಾಯಿತು. ಧಾಪುವಿಗೂ ಗೊತ್ತಾಗಿರಬೇಕು. ಅದೇ ಚೊಂಬಿನಲ್ಲಿ ಮತ್ತೆ ನೀರು ತಂದು, ಈ ಸಲ ನನ್ನ ಕೈಗೇ ಕೊಟ್ಟಳು. ಖಾಲಿಯಾದಾಗ ಮತ್ತೆ ತಂದಳು. ಶಿವನಾಗಮ್ಮ ತನ್ನ ಪಾಲು ಮುಟ್ಟಲೇ ಇಲ್ಲ. ಬಾಯಾರಿಕೆಯಿಲ್ಲ ಎಂದಳು.

ಬೆಳಿಗ್ಗೆ ನೋವು ತಗ್ಗಿತ್ತು. ಉಳಿದಿದ್ದದ್ದು ಕೊನೆಯ ದಾರಿ. ಮರಳುದಿಣ್ಣೆಗಳ ನಡುವೆ ಹೋಗಿ, ಒಂದು ಗುಡಿಯ ತೊಟ್ಟಿಯ ಹತ್ತಿರ ತಂಗಿ, ಬಸ್ಸಿನ ಊರು ಸೇರುವುದು. ಅವಳು ವರ್ಷವಿಡೀ ಬಾಗಿಲಲ್ಲಿ ಎಳೆದ ಗೆರೆ ಅದು. ಎಲ್ಲಕ್ಕಿಂತ ಎತ್ತರದ ದಿಣ್ಣೆಗಳು ಅಲ್ಲೇ ಇದ್ದವು. ಅವಳು ಹಟ್ಟಿಯ ಒಂದೊಂದೇ ಗುಡಿಸಲಿಗೆ ಹೋಗಿ, ಆ ತೊಟ್ಟಿಯ ನೀರನ್ನು ಈ ವರ್ಷ ಯಾರಾದರೂ ಕುಡಿದಿದ್ದೀರಾ ಎಂದು ಕೇಳಿ ಬಂದಳು. ಇದೆ ಎಂದವರಿದ್ದರು. ಕುಡಿದವರು ಸಿಗಲಿಲ್ಲ.

"ವಾಪಸ್ ಓಗನ," ಎಂದಳು.

"ಇಷ್ಟ್ ದೂರ ಬಂದಿವಿ. ನಂಗೇನಾಗಿಲ್ಲ, ನಡಿ."

"ನಿಮಗಾಗಿಲ್ಲ, ನಂಗಾಗದೆ. ಸುಮ್ನೆ ಏಳಿ ಮ್ಯಾಕೆ."

ರಸ್ತೆಯ ಕಡೆಗೆ ಹೋಗುವ ಒಂಟೆಗಾಡಿಯಲ್ಲಿ ನನ್ನನ್ನು ಹತ್ತಿಸಿ ತಾನೂ ಹತ್ತಿದಳು. ಗಾಡಿ ಹೊರಟ ಮೇಲೆ ತಿರುಗಿ ದಿಣ್ಣೆಗಳನ್ನೇ ನೋಡುತ್ತಿದ್ದಳು. ಅಳುತ್ತಿದ್ದಾಳೆಂದುಕೊಂಡೆ. ಸ್ವಲ್ಪ ಹೊತ್ತಾದ ಮೇಲೆ, "ರೀ, ಒಂಟೆ ಕಣ್ಗೆ ಎರಡ್ ಸಾಲು ರೆಪ್ಪೆ ಅದೆ, ನೋಡುದ್ರಾ?" ಎಂದಳು.

ಉಳಿದ ದಾರಿ ಮುಗಿಸಬೇಕೆಂಬುದು ಆಮೇಲೆ ಅವಳ ಆಸೆಯಾಯಿತು. ಒಂದು ವರ್ಷ ಅವಳ ತಾಯಿಗೆ ಕಾಯಿಲೆ, ಇನ್ನೊಂದು ವರ್ಷ ನನಗೆ ರಜೆಯಿಲ್ಲ, ಮತ್ತೆರಡು ವರ್ಷ ಅಲ್ಲಿ ಮಳೆಯಿಲ್ಲ. ಕೊನೆಗೊಂದು ವರ್ಷ ಅಲ್ಲಿ ಒಳ್ಳೆ ಮಳೆಯಾಯಿತು. ಗುಡಿಯ ತೊಟ್ಟಿ ತುಂಬಿದೆ, ತನ್ನ ಅಣ್ಣನೇ ಹೋಗಿ ಕುಡಿದು ಬಂದಿದ್ದಾನೆ ಎಂದು ಸೇಟು ಬಂದು ಹೇಳಿದರು. ಅವಳು ಅಭ್ಯಾಸಕ್ಕೆಂದು ಮತ್ತೆ ತಲಕಾಡಿಗೆ ಹೋಗತೊಡಗಿದ್ದು ಆಗಲೇ.

ಅವಳು ಹೋಗಿ ಈಗ ಕೆಲವು ವರ್ಷಗಳಾದವು. ಮೊನ್ನೆ ಬಸ್‌ಸ್ಟ್ಯಾಂಡಿನಲ್ಲಿ ಬಾಬುಲಾಲ್ ಸೇಟು ಸಿಕ್ಕಿದರು. ಊರಿಗೆ ಹೋಗಿ ಬಂದಿದ್ದರು. ಧಾಪುವಿನ ಹಟ್ಟಿಗೆ ಕಾಲುವೆಯ ನೀರು ಪೈಪಿನಲ್ಲಿ ಬರುತ್ತಿದೆಯಂತೆ. ಬೇರಿಯ ಬಾಯಿಗೆ ಚಪ್ಪಡಿ ಎಳೆದಿದ್ದಾರಂತೆ.

"ಈಗ ನಡ್ಯಾಕ್ ಏನೂ ತೊಂದ್ರೆ ಇಲ್ಲ ಸ್ವಾಮಿ, ದಾರಿವಳಗೇ ನಲ್ಲಿ ಅದೆ. ಓಗ್ತೀರಾ?" ಎಂದು ಕೇಳಿದರು. ನೋಡೋಣ ಎಂದೆ.

ಆ ನೀರು ಯಾವ ಹೊಳೆಯದು, ಸಿಹಿಯೋ ಉಪ್ಪೋ, ಪಾಳಿ ಈಗಲೂ ಇದೆಯೋ, ಚಪ್ಪಡಿಯ ಕೆಳಗೆ ಹನಿ ಇನ್ನೂ ಬೀಳುತ್ತಿದೆಯೋ, ಇದೊಂದನ್ನೂ ನಾನು ಸೇಟರನ್ನು ಕೇಳಲಿಲ್ಲ. ನಮ್ಮ ಮನೆಯಲ್ಲಿ ಕೇಳುತ್ತಿದ್ದವಳು ಅವಳು. ಅವಳು ಇಲ್ಲ.