ಕುಕ್ಕಪ್ಪನ ಬಸ್ಸಿನಲ್ಲಿ ಬಂದ ಕೇಕು

ಅರಂತೋಡಿನ ಕುಕ್ಕಪ್ಪ ಮಡಿಕೇರಿ–ಪುತ್ತೂರು ಬಸ್ಸಿನ ಡ್ರೈವರ್. ಸಂಪಾಜೆ ಘಾಟಿಯಲ್ಲಿ ಅವನು ಬಸ್ಸು ತಿರುಗಿಸುವ ರಭಸಕ್ಕೆ ಗಟ್ಟಿ ಗುಂಡಿಗೆಯವರೂ ಮುಂದಿನ ಸೀಟಿನ ಕಂಬಿ ಬಿಡುತ್ತಿರಲಿಲ್ಲ. ಯಾರಾದರೂ “ಸ್ವಲ್ಪ ಮೆಲ್ಲ ಹೋಗಿ ಮಾರಾಯ್ರೆ” ಎಂದರೆ, “ಮೆಲ್ಲ ಹೋಗುದಾದ್ರೆ ಎತ್ತಿನ ಗಾಡಿ ಉಂಟಲ್ಲ” ಎನ್ನುತ್ತಿದ್ದ. ಮನೆಯಲ್ಲಿ ಮಾತ್ರ ಅವನ ಗತ್ತು ನಡೆಯುತ್ತಿರಲಿಲ್ಲ. ಅಲ್ಲಿ ಪುಟ್ಟ ಮಗಳು ಮೋಹಿನಿ ಹೇಳಿದ್ದೇ ಕಾನೂನು.

೧೯೫೮ರಲ್ಲಿ ಒಂದು ದಿನ ಮಡಿಕೇರಿಯ ಕಾಫಿ ತೋಟದ ಸಾಹುಕಾರರೊಬ್ಬರ ಬಂಗಲೆಗೆ ಪಾರ್ಸೆಲು ಕೊಡಲು ಹೋದವನು ಅಲ್ಲಿ ಮಗುವಿನ ಹುಟ್ಟುಹಬ್ಬ ನಡೆಯುವುದನ್ನು ಕಂಡ. ಮೋಹಿನಿಗೆ ಐದು ತುಂಬುವಾಗ ತಾನೂ ಮಾಡಿಯೇ ಸೈ ಎಂದು ಅಂದೇ ನಿಶ್ಚಯಿಸಿದ.

“ಅದಕ್ಕೆ ಎಂತ ಮಾಡ್ಲಿಕ್ಕುಂಟು?” ಹೆಂಡತಿ ಲೋಲಾಕ್ಷಿ ಕೇಳಿದಳು.

“ಕೇಕು ನಾನು ತರ್ತೇನೆ. ನೀನು ಜನ ಸೇರಿಸು. ಜನ ಇಲ್ಲದಿದ್ರೆ ಹುಟ್ಟುಹಬ್ಬ ಆಗುದಿಲ್ಲ.”

“ಬಂದ ಜನ ಎಂತ ಮಾಡುದು?”

ಅದು ಕುಕ್ಕಪ್ಪನಿಗೂ ಸರಿಯಾಗಿ ಗೊತ್ತಿರಲಿಲ್ಲ. “ಕೈ ತಟ್ಟುದು” ಎಂದುಬಿಟ್ಟ.

ಹುಟ್ಟುಹಬ್ಬದ ದಿನ ಮಡಿಕೇರಿಯ ಬೇಕರಿಯಿಂದ ಗುಲಾಬಿ ಬಣ್ಣದ ಕೇಕನ್ನು ತಂದು ಕಂಡಕ್ಟರ್ ಅಲಿ ಕುಂಞಿಯ ತೊಡೆಯ ಮೇಲಿಟ್ಟ. “ಇದಕ್ಕೆ ಒಂದು ಗೀರು ಬಿದ್ರೂ ನಿನ್ನನ್ನು ಘಾಟಿಯಲ್ಲೇ ಇಳಿಸ್ತೇನೆ.”

ಬಸ್ಸು ಹೊರಟಿತು. ಕುಕ್ಕಪ್ಪ ಜನ್ಮದಲ್ಲಿ ಓಡಿಸದಷ್ಟು ಮೆಲ್ಲ ಓಡಿಸಿದ. ಹಿಂದಿನಿಂದ ಬಂದ ಮರದ ಲಾರಿಯೊಂದು ಹಾರ್ನ್ ಹೊಡೆದು ಮುಂದೆ ಹೋಯಿತು. ಆ ಅವಮಾನವನ್ನೂ ನುಂಗಿಕೊಂಡ. ವಿಷಯ ತಿಳಿದ ಮೇಲೆ ಪ್ರಯಾಣಿಕರೆಲ್ಲ ಕೇಕಿನ ಕಾವಲಿಗೆ ನಿಂತರು. ತಿರುವು ಬಂದಾಗಲೆಲ್ಲ “ಕೇಕು! ಕೇಕು!” ಎಂದು ಒಟ್ಟಿಗೆ ಕೂಗುತ್ತಿದ್ದರು. ಟಿಕೇಟು ಕೇಳಿದವರಿಗೆ ಅಲಿ ಕುಂಞಿಯದು ಒಂದೇ ಉತ್ತರ: “ಆಮೇಲೆ. ಈಗ ಕೈ ಖಾಲಿ ಇಲ್ಲ.”

ಸಂಪಾಜೆಯಲ್ಲಿ ಚೆಕ್ಕಿಂಗಿನ ವೆಂಕಟ್ರಮಣಯ್ಯ ಹತ್ತಿದರು.

“ಇಡೀ ಬಸ್ಸಲ್ಲಿ ಒಬ್ಬರ ಹತ್ರವೂ ಟಿಕೇಟಿಲ್ಲ! ಇದೆಂತ ಬಸ್ಸಾ, ಮದುವೆ ದಿಬ್ಬಣವಾ?”

ಹಿಂದಿನ ಸೀಟಿನಿಂದ ಮುದುಕಿ ಸೀತು ಸಮಾಧಾನ ಹೇಳಿದಳು: “ದಿಬ್ಬಣ ಅಲ್ಲ ಧಣಿ, ಹುಟ್ಟುಹಬ್ಬ.”

ಕೇಕನ್ನು ಮನೆಯಲ್ಲಿ ಇಳಿಸಿ, ಎರಡು ಚಪ್ಪಾಳೆ ತಟ್ಟಿ ಹೊರಟುಬಿಡುವುದೆಂದು ಕುಕ್ಕಪ್ಪನ ಲೆಕ್ಕಾಚಾರ. ಆದರೆ ಬಸ್ಸು ಅರಂತೋಡಿನಲ್ಲಿ ನಿಂತಾಗ ಮಾರ್ಗದ ಬದಿಯ ಮನೆಯ ಜಗಲಿಯಲ್ಲಿ ಅವನ ತಾಯಿ ದುಗ್ಗಮ್ಮ ನಿಂತಿದ್ದಳು. ಕರೆಸಿದ ನಾಲ್ಕಾರು ನೆರೆಯವರು ಏನು ಮಾಡುವುದೆಂದು ತಿಳಿಯದೆ ಸಾವಿನ ಮನೆಯಲ್ಲಿ ಕೂತಂತೆ ಕೂತಿದ್ದರು. ಬಸ್ಸಿನ ತುಂಬ ಜನ ಕಂಡ ದುಗ್ಗಮ್ಮನ ಮುಖ ಅರಳಿತು. ಮಗ ಇಷ್ಟು ಜನ ಕರಕೊಂಡು ಬಂದಿದ್ದಾನೆ!

“ಲೋಲಾಕ್ಷೀ, ಬೆಲ್ಲ ನೀರು ತಾ! ಕಾಲು ತೊಳ್ಕೊಂಡು ಬನ್ನಿ, ಎಲ್ಲ ಬನ್ನಿ!”

ಪ್ರಯಾಣಿಕರು ಎರಡನೆಯ ಸಲ ಕರೆಸಿಕೊಳ್ಳಲಿಲ್ಲ. ವೆಂಕಟ್ರಮಣಯ್ಯ ಮಾತ್ರ ಬಿಗಿದ ಮುಖದಲ್ಲಿ ಬಸ್ಸಿನೊಳಗೇ ಕೂತರು. ದುಗ್ಗಮ್ಮ ಚೊಂಬು ಹಿಡಿದು ಅಲ್ಲಿಗೇ ಹೋದಳು.

“ಮನೆ ಬಾಗಿಲಿಗೆ ಬಂದು ಒಂದು ಗುಟುಕು ನೀರು ಕುಡಿಯದೆ ಹೋಗುದಾ? ನಮ್ಮಿಂದ ಎಂತ ತಪ್ಪಾಯ್ತು?”

ವೆಂಕಟ್ರಮಣಯ್ಯ ಚೊಂಬು ತೆಗೆದುಕೊಂಡು ಇಳಿದರು.

ಕೇಕನ್ನು ಕೊಯ್ಯುವವರು ಯಾರು, ಹೇಗೆ ಎಂಬ ಚರ್ಚೆ ನಡೆದಿರುವಾಗಲೇ ದುಗ್ಗಮ್ಮ ತರಕಾರಿ ಹೆಚ್ಚುವ ಮೆಟ್ಟುಕತ್ತಿಯ ಮಣೆಯ ಮೇಲೆ ಕೂತು, ಹಲಸಿನಹಣ್ಣು ಸಿಗಿಯುವ ಹಾಗೆ ಅದನ್ನು ಸಿಗಿದೇಬಿಟ್ಟಳು. ಬೆರಳಿಗೆ ಅಂಟಿದ ಗುಲಾಬಿ ಕ್ರೀಮು ಕಂಡು, “ಇದಕ್ಕೂ ಮೇಣ ಉಂಟಲ್ಲ, ಸ್ವಲ್ಪ ಎಣ್ಣೆ ತಾ” ಎಂದಳು. ಬಾಳೆಲೆಯ ಚೂರಿನಲ್ಲಿ ಎಲ್ಲರಿಗೂ ಒಂದೊಂದು ತುಣುಕು, ಜತೆಗೆ ಲೋಲಾಕ್ಷಿ ಕಲಸಿದ ಅವಲಕ್ಕಿ.

“ಇದಕ್ಕೆ ಮೊಟ್ಟೆ ಹಾಕ್ತಾರಾ?” ವೆಂಕಟ್ರಮಣಯ್ಯ ಕೇಳಿದರು.

ಕುಕ್ಕಪ್ಪನಿಗೆ ಸುಳ್ಳು ಬಾಯಿಗೆ ಬರಲಿಲ್ಲ. “ಹಾಕ್ತಾರೆ ಸ್ವಾಮಿ.”

ಅವರು ತಮ್ಮ ತುಣುಕನ್ನು ಅಲಿ ಕುಂಞಿಗೆ ದಾಟಿಸಿ, ಅವಲಕ್ಕಿಯನ್ನು ಇನ್ನೊಮ್ಮೆ ಹಾಕಿಸಿಕೊಂಡರು. ಕೈ ತೊಳೆದ ಅಲಿ ಕುಂಞಿ ಜಗಲಿಯಲ್ಲೇ ಟಿಕೇಟು ಹರಿಯತೊಡಗಿದ. ವೆಂಕಟ್ರಮಣಯ್ಯ ಎಡಗೈಯಲ್ಲಿ ಅವನ್ನು ಒಂದೊಂದಾಗಿ ನೋಡುತ್ತ ಬಲಗೈಯಲ್ಲಿ ಅವಲಕ್ಕಿ ತಿಂದರು.

ಆಗ ಲೋಲಾಕ್ಷಿಗೆ ನೆನಪಾಯಿತು: “ಮಗು ಎಲ್ಲಿ?”

ಪೋಂ, ಪೋಂ ಎಂದು ಮಾರ್ಗದಿಂದ ಸದ್ದು ಬಂತು. ಮೋಹಿನಿ ಡ್ರೈವರ್ ಸೀಟಿನಲ್ಲಿ ಮೊಣಕಾಲೂರಿ, ರಬ್ಬರಿನ ಹಾರ್ನನ್ನು ಎರಡು ಕೈಯಲ್ಲೂ ಅಮುಕುತ್ತಿದ್ದಳು. ಮನೆಯವರು ಯಾರೂ ಮುಟ್ಟಬಾರದೆಂದು ಕುಕ್ಕಪ್ಪ ಹೇಳಿದ್ದ ಹಾರ್ನ್ ಅದು. ಅವನು ಓಡಿದ. ಬಯ್ಯಲೆಂದು ಬಾಯಿ ತೆರೆದ.

“ಅಪ್ಪ, ಇದು ನಂಗೆ ತಂದದ್ದಲ್ವಾ?” ಎಂದಳು ಮೋಹಿನಿ.

ಕುಕ್ಕಪ್ಪ ಅವಳ ಪಕ್ಕದಲ್ಲಿ ಕೂತ. ಜನ ಜಗಲಿಯಿಂದಲೇ ಕೈ ತಟ್ಟಿದರು.

ಬಸ್ಸು ಪುತ್ತೂರು ಮುಟ್ಟುವಾಗ ದೀಪ ಹಚ್ಚುವ ಹೊತ್ತು ಮೀರಿತ್ತು. ತಡ ಮಾಡಿದ್ದಕ್ಕೆ ಕಂಪೆನಿ ಅವನನ್ನು ಒಂದು ತಿಂಗಳು ಕಡಬದ ಕಡೆಗೆ ಹಾಕಿತು. ಘಾಟಿಯಿಲ್ಲದ ಆ ಮಾರ್ಗದಲ್ಲಿ ನಿದ್ದೆ ಬರುತ್ತದೆಂದು ಅವನು ಕಂಡವರಲ್ಲೆಲ್ಲ ಗೊಣಗಿದ. ತಿರುಗಿ ಮಡಿಕೇರಿ ಬಸ್ಸಿಗೆ ಬಂದ ದಿನ ಸಂಪಾಜೆಯಲ್ಲಿ ಸೀತು ಹತ್ತಿದಳು.

“ಮಗುವಿನ ಹುಟ್ಟುಹಬ್ಬ ಇನ್ನು ಯಾವಾಗ, ಕುಕ್ಕಪ್ಪಣ್ಣ?”

“ಅದು ವರ್ಷಕ್ಕೊಂದೇ ಸಲ ಬರುದು ಮಾರಾಯ್ತಿ.”

“ಅಷ್ಟು ತಡವಾ?” ಎಂದು ಮುದುಕಿ ನಿಜವಾಗಿಯೂ ಬೇಸರಪಟ್ಟಳು.