ಮಗಳ ಟೀಚರ್, ಉಪ್ಪುನೀರಿನ ಕಾಳು

ಆಕೆಯ ಬಲಗೈ ಹೆಬ್ಬೆರಳ ಉಗುರು ನಡುವೆ ಸೀಳಿತ್ತು. ಆ ಸೀಳಿನ ತುದಿಯಿಂದಲೇ ನೆನೆದ ಹೆಸರುಕಾಳಿನ ಸಿಪ್ಪೆ ಬಿಡಿಸಿ, ಒಳಗಿನ ಮೊಳಕೆಯನ್ನು ಮಕ್ಕಳಿಗೆ ತೋರಿಸುತ್ತಿದ್ದರು. ನನ್ನ ಮಗಳ ವಿಜ್ಞಾನದ ಟೀಚರ್. ಧಾರವಾಡದವರು, ಮದುವೆಯಾಗಿ ಮುಂಬೈ ಹತ್ತಿರದ ಡೊಂಬಿವಲಿಗೆ ಬಂದಿದ್ದರು. ನನಗೆ ಅವರನ್ನು ಕಂಡರೆ ಆಗುತ್ತಿರಲಿಲ್ಲ.

ನಾವೂ ಉಡುಪಿ ಕಡೆಯಿಂದ ಅಲ್ಲಿಗೆ ಬಂದವರು. ಭಾಷೆ ಉಳಿಯಲೆಂದೇ ಮಗಳನ್ನು ಕನ್ನಡ ಶಾಲೆಗೆ ಹಾಕಿದ್ದೆ. ಆದರೂ ನಾನು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಅವಳ ಉತ್ತರ ಹಿಂದಿಯಲ್ಲಿ. ಅದೇ ಹುಡುಗಿ ಟೀಚರಿಗೆ ಫೋನ್ ಮಾಡಿ "ಹೌದ್ರಿ, ಇಲ್ರಿ" ಎಂದು ಧಾರವಾಡದ ಕನ್ನಡ ಮಾತಾಡುವಾಗ ನಾನು ಅಡುಗೆಮನೆಯಲ್ಲಿ ಪಾತ್ರೆ ಕುಕ್ಕುತ್ತಿದ್ದೆ.

ಅವಳು ಆರನೇ ಕ್ಲಾಸಿನಲ್ಲಿದ್ದಾಗ, ಖಾಡಿಯ, ಅಂದರೆ ಊರಂಚಿನ ಕಡಲ ಹಿನ್ನೀರಿನ, ಉಪ್ಪುನೀರು ನುಗ್ಗಿದ ಗದ್ದೆಯಲ್ಲಿ ಬೀಜ ಯಾಕೆ ಮೊಳೆಯುವುದಿಲ್ಲ ಎಂದು ಯಾವುದೋ ಮಗು ಕೇಳಿತಂತೆ. ಟೀಚರ್ ಉತ್ತರ ಹೇಳದೆ, ಒಬ್ಬೊಬ್ಬರಿಗೂ ಒಂದು ಲೋಟ, ಹತ್ತಿ, ಹೆಸರುಕಾಳು ಕೊಟ್ಟರು. ಕೆಲವರಿಗೆ ಬರಿ ನೀರು, ಕೆಲವರಿಗೆ ಚಿಟಿಕೆ ಉಪ್ಪು ಹಾಕಿದ್ದು. ಎಲ್ಲಕ್ಕಿಂತ ಹೆಚ್ಚು ಉಪ್ಪು ಬೆರೆಸಿದ ನೀರು ನನ್ನ ಮಗಳ ಪಾಲಿಗೆ ಬಂತು. ಉಳಿದವರ ಕಾಳು ಬೇಗವೋ ತಡವೋ ಬಾಲ ಬಿಟ್ಟವು. ಇವಳದು ಹಾಗೇ ಕೂತಿತು. ಸಂಜೆ ಮನೆಗೆ ಬಂದು ತಿಂಡಿ ಮುಟ್ಟಲಿಲ್ಲ. ಪಲ್ಯಕ್ಕೆಂದು ಬಟ್ಟೆಯಲ್ಲಿ ಕಟ್ಟಿಟ್ಟ ಮೊಳಕೆಕಾಳು ಮನೆಯಲ್ಲಿತ್ತು. ಅದನ್ನೇ ಕಳಿಸಿಕೊಡುತ್ತೇನೆ, ಲೋಟಕ್ಕೆ ಹಾಕಿಕೋ ಎಂದೆ.

"ಮಮ್ಮಿ, ಯೇ ಚೀಟಿಂಗ್ ಹೈ. ಟೀಚರ್ ಕೋ ಝೂಠ್ ನಹೀ ಬೋಲೂಂಗಿ," ಎಂದಳು. ಟೀಚರಿಗೆ ಸುಳ್ಳು ಹೇಳುವುದಿಲ್ಲವಂತೆ.

ಮರುದಿನ ಡಬ್ಬಿ ಕೊಡುವ ನೆಪದಲ್ಲಿ ಹೋಗಿ ಕ್ಲಾಸಿನ ಬಾಗಿಲಲ್ಲಿ ನಿಂತೆ. ಟೀಚರ್ ಇವಳ ಲೋಟವನ್ನೇ ಎತ್ತಿ ಎಲ್ಲರಿಗೂ ತೋರಿಸುತ್ತಿದ್ದರು.

"ಬರಲಿಲ್ಲ ಅನ್ನೂದೂ ಉತ್ತರನ. ಅಳಬ್ಯಾಡ, ಪುಸ್ತಕದಾಗ ಹಂಗ ಬರಿ."

ಆಮೇಲೆ ಆ ಕಾಳುಗಳನ್ನು ತೊಳೆಸಿ, ಹೊಸ ಹತ್ತಿಯ ಮೇಲೆ ಬರಿ ನೀರಿನಲ್ಲಿಡಿಸಿದರು. ಕೆಲವು ಮೊಳೆತವು. ಯಾಕೆಂದು ಮಗಳು ಇಡೀ ಕ್ಲಾಸಿಗೆ ಕನ್ನಡದಲ್ಲೇ ವಿವರಿಸಿದಳೆಂದು ಅವಳ ಗೆಳತಿ ಬಂದು ಹೇಳಿದಳು. ನನಗೂ ಸ್ವಲ್ಪ ಹೇಳೆಂದರೆ "ಛೋಡೋ ನಾ" ಎಂದು ಟೀವಿ ಮುಂದೆ ಕೂತಳು.

ಪಾಲಕರ ಸಭೆಯಲ್ಲಿ ತಡೆಯಲಾಗದೆ ಟೀಚರನ್ನು ಕೇಳಿಯೇಬಿಟ್ಟೆ: "ನನ್ನ ಹತ್ರ ಯಾಕೆ ಕನ್ನಡ ಮಾತಾಡುದಿಲ್ಲ ಅವಳು?"

ಅವರು ತುಸು ಸಂಕೋಚದಿಂದಲೇ ಹೇಳಿದರು. "ಆಕಿ ಮಾತಾಡೂವಾಗ ನೀವು ನಡುವ ತಿದ್ದತೀರಂತ್ರಿ ಅಕ್ಕಾರ. ನಾ ಪೂರ್ತಿ ಕೇಳ್ತೀನಿ, ಅಷ್ಟ."

ನನ್ನ ಮಗಳ ವಿಷಯ ನನಗೆ ಹೇಳಲು ಇವರ್ಯಾರು ಎಂದು ದಾರಿಯುದ್ದಕ್ಕೂ ಕುದಿದೆ. ಆದರೆ ಆಮೇಲೆ ಅವಳ ಬಾಯಲ್ಲಿ ಅಪರೂಪಕ್ಕೆ ತಪ್ಪು ಕನ್ನಡ ಬಂದಾಗೆಲ್ಲ ತಿದ್ದದೆ ತುಟಿ ಕಚ್ಚಿಕೊಂಡೆ. ನಿಧಾನಕ್ಕೆ ಒಂದೆರಡು ಮಾತು ನನ್ನ ಪಾಲಿಗೂ ಬಂದವು.

ಮಗಳು ಪಕ್ಕದೂರು ಕಲ್ಯಾಣದಲ್ಲಿ ಕಾಲೇಜು ಓದುತ್ತಿದ್ದಾಗ ಟೀಚರ್ ಕಾಯಿಲೆಯಿಂದ ತೀರಿಕೊಂಡರು. ಅವರ ಮನೆಗೆ ಹೋಗಿ ಬಂದವಳು ಅಡುಗೆಮನೆಯ ನೆಲದಲ್ಲಿ ಕೂತು ಮಾತಾಡತೊಡಗಿದಳು. ನಡುನಡುವೆ ಹಿಂದಿ ನುಸುಳುತ್ತಿತ್ತು, ಕ್ರಿಯಾಪದಗಳೆಲ್ಲ ಅಡ್ಡಾದಿಡ್ಡಿ. ನಾನು ಒಲೆ ಆರಿಸಿ ಪೂರ್ತಿ ಕೇಳಿದೆ. ಅಷ್ಟು ಹೊತ್ತು ಅವಳು ನನ್ನೊಡನೆ ಕನ್ನಡ ಮಾತಾಡಿದ್ದು ಅದೇ ಮೊದಲು, ಮಾತೆಲ್ಲವೂ ಟೀಚರ್ ಬಗ್ಗೆಯೇ. ತೀರಿಹೋದವರ ಮೇಲೆ ಹೊಟ್ಟೆಕಿಚ್ಚು ಪಡಬಾರದೆಂದು ನನಗೆ ಗೊತ್ತಿತ್ತು. ಆದರೂ ಪಟ್ಟೆ.