ಮಿಶ್ರಿಯ ಹೊತ್ತಿಗೆ ಬರುವ ಡಾಕ್ಟರಬಾಯಿ

ಗಡಿಯಾಚೆಯ ಹಳ್ಳಿ ಗುಂಜೋಟಿಯ ಓಣಿಗೆ ಇನ್ನೂ ಬಿಸಿಲು ಬಂದಿಲ್ಲ. ಡಾ. ವಿಜಯಶ್ರೀ ಸ್ಕೂಟಿ ನಿಲ್ಲಿಸಿ, ಟಾರ್ಚು, ಪುಟ್ಟ ಕನ್ನಡಿ ತೆಗೆದುಕೊಂಡು ಗುರುಬಾಯಿಯವರ ಮನೆಕಟ್ಟೆಯ ಮೇಲೆ ಕುಳಿತೇಬಿಡುತ್ತಾರೆ. ಕೂಡು ಎಂದು ಯಾರೂ ಕರೆದಿಲ್ಲ. ಪಕ್ಕದಲ್ಲೇ ಗುರುಬಾಯಿ, ತೋರುಬೆರಳು ಕರ್ರಗೆ, ಬಾಯಿ ತುಂಬ ನೊರೆ. ಡಾಕ್ಟರನ್ನು ಕಂಡದ್ದೇ ಸೆರಗು ಬಾಯಿಗೆ ಹೋಗುತ್ತದೆ.

"ಮುಚ್ಚಬ್ಯಾಡ್ರಿ ಕಾಕೂ. ಬಾಯಿ ತೊಳೀರಿ, ಒಮ್ಮಿ ನೋಡ್ತೀನಿ."

ಹತ್ತಿರದ ಉಮರ್ಗಾದಲ್ಲಿ ಒಂದೇ ಕುರ್ಚಿಯ ದವಾಖಾನೆ ಇಟ್ಟಿರುವ ಹಲ್ಲಿನ ಡಾಕ್ಟರಿಗೆ ಇಷ್ಟು ಬೆಳಿಗ್ಗೆ ಇಲ್ಲೇನು ಕೆಲಸ? ಎಲ್ಲಕ್ಕೂ ಒಂದು ಮಾತು ಕಾರಣ. ಹೋದ ವರ್ಷ ಹಲ್ಲುನೋವೆಂದು ಬಂದ ಗುರುಬಾಯಿಯನ್ನು ಅವರು "ತಂಬಾಕ ತಿಂತೀರೇನ್ರಿ?" ಎಂದು ಕೇಳಿದ್ದರು. "ಛೀ, ಲಿಂಗಾ ಕಟ್ಟಿದಾಕಿ ನಾ!" ಎಂದು ಆಕೆ ಸಿಟ್ಟಾಗಿದ್ದರು. ಆಕೆ ಹೇಳಿದ್ದು ಸುಳ್ಳೇನಲ್ಲ. ತಂಬಾಕನ್ನು ಹೆಂಚಿನ ಮೇಲೆ ಕಪ್ಪಾಗುವಂತೆ ಹುರಿದು ಮಾಡಿದ ಪುಡಿಗೆ ಇಲ್ಲಿ ಮಿಶ್ರಿ ಎನ್ನುತ್ತಾರೆ. ಹೆಂಗಸರು ಅದನ್ನು ತಿನ್ನುವುದಿಲ್ಲ, ಹಲ್ಲಿಗೆ ತಿಕ್ಕುತ್ತಾರೆ. ಅವರ ಪಾಲಿಗೆ ಅದು ಬರೀ ಹಲ್ಲುಪುಡಿ. ಇದೇ ಸೀಮೆಯ ನಿಲಂಗಾದಲ್ಲಿ ಹುಟ್ಟಿ ಬೆಳೆದ ವಿಜಯಶ್ರೀಗೂ ತಮ್ಮ ಪ್ರಶ್ನೆಯೇ ತಪ್ಪೆಂದು ಹೊಳೆಯಲಿಲ್ಲ. ಮುಂದೊಂದು ಬೆಳಿಗ್ಗೆ ಈ ಓಣಿಯಲ್ಲಿ ಹಾದುಹೋಗುವಾಗ ಕಟ್ಟೆ ಕಟ್ಟೆಯ ಮೇಲೂ ಕರಿಬೆರಳು ಕಂಡವು. ಅಂದಿನಿಂದ ಅವರು ಮಿಶ್ರಿಯ ಹೊತ್ತಿಗೇ ಬರುತ್ತಾರೆ.

ಜೊತೆಗೆ ಓದಿದವರಿಗೆ ಇದು ಹುಚ್ಚಾಟ. ಹಿಂದೆ ಬಿಡಿಎಸ್ ಮುಗಿಸಿದವರಿಗೆ ಸ್ವಂತ ದವಾಖಾನೆ, ಬಾಗಿಲ ಮೇಲೆ ತಮ್ಮ ಹೆಸರು, ಇಷ್ಟೇ ಕನಸು. ಈಗಿನವರಿಗೆ ಪುಣೆಯ ದೊಡ್ಡ ಕ್ಲಿನಿಕ್ಕಿನ ಸಂಬಳ, ಭಾನುವಾರದ ರಜೆ ಬೇಕು. ಕೆಲವರಂತೂ ಹಲ್ಲಿನ ಸಹವಾಸವೇ ಬೇಡವೆಂದು ವಿಮೆ ಕಂಪನಿ ಸೇರಿದ್ದಾರೆ. ಅವರನ್ನು ಬಯ್ಯುವಂತಿಲ್ಲ, ಖಾಲಿ ಕುರ್ಚಿ ಕಾಯುತ್ತ ಕೂರುವುದು ಯಾರಿಗೆ ಬೇಕು? ವಿಜಯಶ್ರೀಯವರೂ ಒಂದು ವರ್ಷ ಪುಣೆಯಲ್ಲಿದ್ದವರೇ.

"ಅಲ್ಲಿ ದಿನಾ ಹಲ್ಲು ಬೆಳ್ಳಗ ಮಾಡ್ತಿದ್ದೆ ರೀ. ನಮ್ಮ ಕಡೀ ಹೆಂಗಸರ ಬಾಯಾಗ ಏನದ ಅಂತ ಯಾರ ನೋಡಬೇಕು?" ಎನ್ನುತ್ತಾರೆ. ಗೆಳತಿ ಯೋಗಿತಾ ಪುಣೆಯಿಂದ ಈಗಲೂ ಕರೆಯುತ್ತಾರೆ, ಇವರು ಜಪ್ಪಯ್ಯ ಎಂದರೂ ಜಗ್ಗುವುದಿಲ್ಲ.

ಸದ್ಯ ಅವರ ನಿದ್ದೆಗೆಡಿಸಿರುವುದು ಗುರುಬಾಯಿಯ ಕೆನ್ನೆಯ ಒಳಗಿನ ಬಿಳಿ ಕಲೆ. ಅದು ಕ್ಯಾನ್ಸರಿಗೆ ತಿರುಗಬಹುದು. ಲಾತೂರಿಗೆ ಹೋಗಿ ಚೂರು ತೆಗೆಸಿ ಪರೀಕ್ಷೆ ಮಾಡಿಸಲೇಬೇಕು. "ನೋವೇ ಇಲ್ಲ, ಯಾಕ ಬರ್ಲಿ?" ಎಂಬುದು ಗುರುಬಾಯಿಯ ಹಟ. ಡಾಕ್ಟರದು ಅದಕ್ಕಿಂತ ಒಂದು ಕೈ ಮೇಲು. ಒಮ್ಮೆಯಂತೂ ಗುರುಬಾಯಿ ಎದ್ದುಹೋಗಿ ಬಾಗಿಲು ಹಾಕಿಕೊಂಡಿದ್ದರು. ಮರುದಿನ ಡಾಕ್ಟರು ಮತ್ತೆ ಅದೇ ಕಟ್ಟೆಯ ಮೇಲೆ.

ಇಂದು ಗುರುಬಾಯಿ ಬಾಯಿ ತೊಳೆದು ಬರುತ್ತಾರೆ. ವಿಜಯಶ್ರೀ ಟಾರ್ಚಿನ ಬೆಳಕು ಬಿಟ್ಟು, ಕನ್ನಡಿ ಹಿಡಿದು ಆಕೆಗೇ ಮತ್ತೊಮ್ಮೆ ಕಲೆ ತೋರಿಸುತ್ತಾರೆ.

"ಮೊದಲಕಿಂತ ದೊಡ್ಡದಾಗ್ಯಾದಲ್ಲ?"

"ಹೌದ್ರೀ ಕಾಕೂ."

ಗುರುಬಾಯಿ ಸೆರಗಿನಿಂದ ಬೆರಳು ಒರೆಸಿಕೊಳ್ಳುತ್ತಾರೆ. ಕಪ್ಪು ಹೋಗುವುದಿಲ್ಲ.

"ಲಾತೂರಿಗಿ ನೀ ಬರ್ತಿ ಏನು ನನ್ನ ಸಂಗಟ?"

"ದವಾಖಾನಿ ಬಂದ್ ಇಟ್ಟು ಬರ್ತೀನಿ. ನಾಳೇನೇ ಹೋಗಮು."

ಎದುರುಕಟ್ಟೆಯ ಕುಸುಮಬಾಯಿ ಬೆರಳು ಬಾಯಲ್ಲೇ ಇಟ್ಟುಕೊಂಡು ಇದನ್ನೆಲ್ಲ ನೋಡುತ್ತಿದ್ದಾರೆ. ವಿಜಯಶ್ರೀ ಹೊರಡಲು ಎದ್ದರೆ ಗುರುಬಾಯಿ ಕೈಹಿಡಿದು ಜಗ್ಗುತ್ತಾರೆ.

"ಎಲ್ಲಿ ಹೊಂಟಿ? ಕೂಡು, ಚಾ ಇಡ್ತೀನಿ." ಆಮೇಲೆ ಓಣಿಗೆಲ್ಲ ಕೇಳುವಂತೆ ಕೂಗುತ್ತಾರೆ: "ಏ ಕುಸುಮಾ, ಸಾಕ ಮಾಡು ತಿಕ್ಕೂದು! ಬಾಯಿ ತೊಳಕೊಂಡು ಬಾ ಇಲ್ಲಿ. ನಮ್ಮ ಡಾಕ್ಟರಬಾಯಿ ಕುಂತಾಳ."